ಮೂಲೆಯಲ್ಲಿ ಹೆಸರಿಲ್ಲ

ತಂಗಿ ಮನೆಗೆ, ಸ್ಕಾಟ್ಲೆಂಡಿನ ಡಂಡಿಗೆ ಬಂದು ಹತ್ತು ದಿನ ಆಯ್ತು. ನಿನ್ನೆ ಹಳೇ ಪುಸ್ತಕದಂಗಡಿಯಲ್ಲಿ 1958ರ ಒಂದು ‘ಬೀನೋ’ ಸಿಕ್ಕಿತು, ಮಕ್ಕಳ ಕಾಮಿಕ್ ಪತ್ರಿಕೆ. ತಂಗಿ ಮಗನಿಗೆ ಎಂಟು ವರ್ಷ. ಅದರಲ್ಲಿ ಬ್ಯಾಶ್ ಸ್ಟ್ರೀಟ್ ಅನ್ನೋ ಶಾಲೆಯ ತುಂಟ ಮಕ್ಕಳ ಚಿತ್ರಕಥೆ ಪುಟ ತೆಗೆದವನು ಅರ್ಧ ಗಂಟೆ ಕದಲಲಿಲ್ಲ. ಒಬ್ಬ ಬೆಂಚಿನ ಕೆಳಗೆ, ಒಬ್ಬ ಮೇಷ್ಟ್ರ ಬೆನ್ನ ಹಿಂದೆ, ಎಲ್ಲಿ ನೋಡಿದರೂ ಒಂದೊಂದು ಕಿತಾಪತಿ. ಕೊನೆಗೆ ಕೇಳಿದ, “ದೊಡ್ಡಮ್ಮ, ಇದನ್ನ ಬಿಡಿಸಿದ್ದು ಯಾರು?”

ಪುಟವೆಲ್ಲ ಹುಡುಕಿದೆ. ಹೆಸರೇ ಇಲ್ಲ!

ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದರು. ಕಿರಾಣಿ ಅಂಗಡಿ ಬೋರ್ಡಾದರೂ ಸರಿ, ಲಾರಿ ಹಿಂದಿನ ಹಲಗೆಯಾದರೂ ಸರಿ, ಕೆಳಗೆ ಮೂಲೆಯಲ್ಲಿ ಸಣ್ಣ ಬ್ರಷ್ಷಿನಲ್ಲಿ ತಮ್ಮ ಹೆಸರು ಬರೆದೇ ಏಣಿ ಇಳಿಯುತ್ತಿದ್ದರು. ಯಾವ ಮಾಲೀಕರೂ ಬೇಡ ಅಂದಿದ್ದಿಲ್ಲ.

ಬೀನೋ ಚಿಕ್ಕಪುಟ್ಟ ಪತ್ರಿಕೆಯಲ್ಲ. 1938ರ ಜುಲೈನಲ್ಲಿ ಇದೇ ಊರಿನ ಡಿ.ಸಿ. ಥಾಮ್ಸನ್ ಕಂಪನಿ ಶುರು ಮಾಡಿದ್ದು. ಯುದ್ಧ ಕಾಲದಲ್ಲಿ ಕಾಗದದ ಬರ ಬಂದಾಗ ಎರಡು ವಾರಕ್ಕೊಮ್ಮೆ ಬಂತು, ಆದರೂ ನಿಲ್ಲಲಿಲ್ಲ. 1950ರ ಹೊತ್ತಿಗೆ ವಾರಕ್ಕೆ ಹತ್ತಿರ ಹತ್ತಿರ 20 ಲಕ್ಷ ಪ್ರತಿ! 1951ರಲ್ಲಿ ತುಂಟ ಡೆನಿಸ್ ಬಂದ. ಅವನನ್ನು ಬಿಡಿಸಿದವರು ಡೇವಿಡ್ ಲಾ. 1953ರಲ್ಲಿ ತುಂಟ ಹುಡುಗಿ ಮಿನ್ನಿ, 1954ರಲ್ಲಿ ಈ ಬ್ಯಾಶ್ ಸ್ಟ್ರೀಟ್ ಮಕ್ಕಳು, ಎರಡೂ ಲಿಯೋ ಬ್ಯಾಕ್ಸೆಂಡೇಲ್ ಕೈಯಿಂದ. ಅಷ್ಟು ಮಕ್ಕಳು ಓದಿದರು, ನಕ್ಕರು. ಬಿಡಿಸಿದವರ ಹೆಸರು ಮಾತ್ರ ಅವರಿಗೆ ತಿಳಿಯಲೇ ಇಲ್ಲ.

ಮಕ್ಕಳಿಗೆ ಹೆಸರು ಯಾಕೆ, ಆ ಕಾಲದ ರೂಢಿಯೇ ಹಾಗಿತ್ತು ಅಂತ ತಂಗಿ ಗಂಡ ಹೇಳಿದರು. ಒಪ್ಪೋಕೆ ಆಗಲಿಲ್ಲ. ಅದೇ ಕಂಪನಿ ತನ್ನ ಇನ್ನೊಬ್ಬ ಚಿತ್ರಕಾರ ಡಡ್ಲಿ ವಾಟ್ಕಿನ್ಸ್ ಅವರಿಗೆ ಸಹಿ ಹಾಕಲು ಬಿಟ್ಟಿತ್ತಲ್ಲ? ಅವರಿಗೆ ಆಗಿದ್ದು ಉಳಿದವರಿಗೆ ಯಾಕೆ ಆಗಬಾರದಿತ್ತು? ಮಕ್ಕಳಿಗೆ ಬೇಡ ಅನ್ನೋದೂ ಸುಳ್ಳು. ಇವನು ಕೇಳಿದನಲ್ಲ!

ಬ್ಯಾಕ್ಸೆಂಡೇಲ್ 1962ರಲ್ಲಿ ಬೀನೋ ಬಿಟ್ಟರು. ತಾವು ಹುಟ್ಟಿಸಿದ ಪಾತ್ರಗಳ ಹಕ್ಕಿಗಾಗಿ ಆಮೇಲೆ ಏಳು ವರ್ಷ ಕಾನೂನು ಹೋರಾಟ ಮಾಡಬೇಕಾಯ್ತು. 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯ್ತು. ಈಗ ಬೀನೋದಲ್ಲಿ ಹೆಸರು ಹಾಕುತ್ತಾರೆ. ಸಂತೋಷ. ಆದರೆ 1958ರ ಈ ಪುಟ ಹಾಗೇ ಉಳಿಯಿತಲ್ಲ.

ಇಲ್ಲಿ ಪೇಟೆ ಮಧ್ಯೆ ಮಿನ್ನಿಯ ಪ್ರತಿಮೆ ಇದೆ. ಸಂಜೆ ಅದರ ಮುಂದೆ ನಿಂತಾಗ ನನಗೆ ಅಪ್ಪನ ಆ ಸಣ್ಣ ಬ್ರಷ್ಷೇ ನೆನಪಾಗುತ್ತಿತ್ತು. ಕಣ್ಣು ತುಂಬಿ ಬಂತು.

ರಾತ್ರಿ ಹುಡುಗನಿಗೆ ಹೆಸರು ಹೇಳಿಕೊಟ್ಟೆ. ಉಚ್ಚಾರ ಕಷ್ಟವಾಯ್ತು, ಮೂರು ಸಲ ಹೇಳಿಸಿಕೊಂಡ. ಆಮೇಲೆ ಪೆನ್ಸಿಲ್ ತಂದು, ಪುಟದ ಕೆಳಗಿನ ಮೂಲೆ ತೋರಿಸಿ, “ಇಲ್ಲಿ ಬರೀಲಾ?” ಅಂದ.