ನಾಲಿಗೆಗಿಂತ ಲೇಬಲ್ಲೇ ರುಚಿ

ಫ್ರಾನ್ಸಿನ ಬೋರ್ಡೊ ಸೀಮೆಯ ಕೆಂಪು ವೈನ್ ಕುಡಿದು 'ದ್ರಾಕ್ಷಿ ರುಚಿ ಇದೆ' ಅಂದರೆ ಮುಗೀತು, ನಿಮಗೆ ವೈನ್ ಗೊತ್ತಿಲ್ಲ. ಗೊತ್ತಿರುವವರಿಗೆ ಅದರಲ್ಲಿ ಪೆನ್ಸಿಲ್ ಸೀಸ, ಸಿಗಾರ್ ಡಬ್ಬಿ, ಹಳೇ ಚರ್ಮ, ಒದ್ದೆ ಮಣ್ಣು ಎಲ್ಲ ಸಿಗುತ್ತವೆ. ಕೆಲವು ಸಲ ಕುದುರೆ ಲಾಯವೂ ಸಿಗುತ್ತದೆ. ಲಾಯದ ವಾಸನೆಗೆ ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟ್ ಕಾರಣ. ಅಗ್ಗದ ಬಾಟಲಿಯಲ್ಲಿ ಅದು ಬಂದರೆ ವೈನ್ ಕೆಟ್ಟಿದೆ ಅಂತಾರೆ. ದುಬಾರಿ ಬಾಟಲಿಯಲ್ಲಿ ಬಂದರೆ ವೈನಿಗೆ ವ್ಯಕ್ತಿತ್ವ ಇದೆ ಅಂತಾರೆ.

ಯಾವುದು ದುಬಾರಿ ಅನ್ನೋದು 1855ರಲ್ಲೇ ತೀರ್ಮಾನವಾಗಿದೆ. ಆ ವರ್ಷ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ. ಮೂರನೇ ನೆಪೋಲಿಯನ್ನನ ಕಾಲ. ಬೋರ್ಡೊ ವೈನುಗಳ ಪಟ್ಟಿ ಮಾಡಿ ಅಂತ ದಲ್ಲಾಳಿಗಳಿಗೆ ಹೇಳಿದರು. ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ಐದು ದರ್ಜೆ ಮಾಡಿಕೊಟ್ಟರು. ಆಗ ಬೆಲೆ ನೋಡಿ ದರ್ಜೆ ಕೊಟ್ಟರು, ಈಗ ದರ್ಜೆ ನೋಡಿ ಬೆಲೆ ಹಾಕುತ್ತಾರೆ. ಈ ವ್ಯವಹಾರದಲ್ಲಿ ರುಚಿಗೆ ಏನು ಕೆಲಸ? ದರ್ಜೆ ಇರುವುದು ಶಾಟೊ, ಅಂದರೆ ವೈನ್ ಮಾಡುವ ಎಸ್ಟೇಟಿನ ಹೆಸರಿಗೆ, ನೆಲಕ್ಕಲ್ಲ. ಪಕ್ಕದವನ ತೋಟ ಕೊಂಡು ಸೇರಿಸಿಕೊಂಡರೆ ಅವನ ಬಳ್ಳಿಗೂ ರಾತ್ರೋರಾತ್ರಿ ಬಡ್ತಿ. ಮುತ್ತಾತನ ಅಂಕಪಟ್ಟಿ ತೋರಿಸಿ ಮರಿಮೊಮ್ಮಗ ಕೆಲಸ ಕೇಳಿದ ಹಾಗೆ.

ಇಷ್ಟು ವರ್ಷಗಳಲ್ಲಿ ಎರಡನೇ ದರ್ಜೆಯಿಂದ ಮೊದಲನೇ ದರ್ಜೆಗೆ ಏರಿದ್ದು ಒಂದೇ ಒಂದು ಶಾಟೊ, ಮೂತೋಂ ರೋಥ್‌ಚೈಲ್ಡ್. ಮಾಲೀಕ ಬ್ಯಾರನ್ ಫಿಲಿಪ್ ದಶಕಗಳ ಕಾಲ ಓಡಾಡಿದ. ಕೊನೆಗೆ 1973ರಲ್ಲಿ ಕೃಷಿ ಮಂತ್ರಿ ಜಾಕ್ ಶಿರಾಕ್ ಸಹಿ ಹಾಕಿದರು. ಪಾಪ, ಆ ವರ್ಷದ ಬೆಳೆಯೇ ಸಪ್ಪೆ. ಆದರೆ ಲೇಬಲ್ ಮೇಲೆ ಪಿಕಾಸೊ ಚಿತ್ರ ಇತ್ತು. ಸಾಕಲ್ವಾ?

ಲೇಬಲ್ಲಿನ ಮಹಿಮೆಯನ್ನು ಹೊರಗಿನವರು ಹೇಳಿದ್ದರೆ ಹೊಟ್ಟೆಕಿಚ್ಚು ಅನ್ನಬಹುದಿತ್ತು. ಬೋರ್ಡೊದಲ್ಲೇ ಇದ್ದ ಫ್ರೆಡರಿಕ್ ಬ್ರೋಶೆ ಎಂಬ ಸಂಶೋಧಕರು ಬಿಳಿ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಶಾಸ್ತ್ರ ಓದುತ್ತಿದ್ದ 54 ಜನರ ಮುಂದೆ ಇಟ್ಟರು. ಅದನ್ನು ಬಣ್ಣಿಸಲು ಅವರು ಕೆಂಪು ವೈನಿಗೆ ಬಳಸುವ ಮಾತುಗಳನ್ನೇ ಹುಡುಕಿಕೊಂಡರು. 2001ರಲ್ಲಿ ಇದು ಪ್ರಕಟವಾಯಿತು. ಬ್ರೋಶೆ ಇನ್ನೊಂದು ಆಟವನ್ನೂ ಆಡಿದ್ದರು. ಒಂದೇ ಸಾಧಾರಣ ವೈನನ್ನು ಒಮ್ಮೆ ದೊಡ್ಡ ಹೆಸರಿನ ಬಾಟಲಿಯಲ್ಲಿ, ಒಮ್ಮೆ ಅಗ್ಗದ ಬಾಟಲಿಯಲ್ಲಿ ಬಡಿಸಿದರು. ಮೊದಲನೆಯದು ಹೊಗಳಿಸಿಕೊಂಡಿತು, ಎರಡನೆಯದು ಬೈಸಿಕೊಂಡಿತು. ಪರೀಕ್ಷೆ ಬರೆದವರು ವೈನ್ ಕಲಿಯುತ್ತಿದ್ದವರು. ನಾವು ನೀವಾಗಿದ್ದರೆ ಸುಮ್ನೆ 'ಚೆನ್ನಾಗಿದೆ' ಅಂತಿದ್ದೆವು.

ಇನ್ನು ಊಟದ ಜೋಡಿ. ವಿಷಯ ಸರಳ. ದ್ರಾಕ್ಷಿ ಸಿಪ್ಪೆ, ಬೀಜ, ಓಕ್ ಪೀಪಾಯಿಗಳಿಂದ ಬರುವ ಟ್ಯಾನಿನ್ ಎಂಬ ಒಗರು ಬಾಯಿ ಒಣಗಿಸುತ್ತದೆ. ಮಾಂಸ, ಕೊಬ್ಬು ಜೊತೆಗಿದ್ದರೆ ಒಗರು ತಗ್ಗುತ್ತದೆ. ಆದರೆ ಇಷ್ಟೇ ಹೇಳಿದರೆ ಪಂಡಿತರ ಹೊಟ್ಟೆಪಾಡು ನಡೆಯೋದು ಹೇಗೆ? ಅದಕ್ಕೇ ಕುರಿಮರಿ ಬೋರ್ಡೊದ ಪೋಯಾಕ್ ಸೀಮೆಯದೇ ಆಗಬೇಕು, ಅದೂ ಹಾಲು ಕುಡಿಯುವ ಮರಿ. ದನದ ಮಾಂಸವಾದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಉರಿಸಿಯೇ ಸುಡಬೇಕು. ಮೀನಿನ ಜೊತೆ ಕೆಂಪು ವೈನ್ ಅಂದರಂತೂ ಘೋರ ಅಪರಾಧ. ಆದರೆ ಬೋರ್ಡೊ ಜನ ಎದೆ ಉಬ್ಬಿಸಿ ಬಡಿಸುವ ಅಡುಗೆ ಯಾವುದು? ಲ್ಯಾಂಪ್ರಿ. ಹಾವಿನಂಥ ಮೀನು. ಅದನ್ನು ಅದರದೇ ರಕ್ತ ಸೇರಿಸಿ ಕೆಂಪು ವೈನಿನಲ್ಲೇ ಬೇಯಿಸುತ್ತಾರೆ, ಮೇಲೆ ಕೆಂಪು ವೈನೇ ಕುಡಿಯುತ್ತಾರೆ. ಇದಕ್ಕೆ ಯಾವ ಪಂಡಿತನೂ ಕೇಸ್ ಹಾಕಿಲ್ಲ.

ಈ ಶಾಸ್ತ್ರ ತಯಾರಾಗುವುದನ್ನು ನೋಡಬೇಕಾದರೆ ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋಗಬೇಕು. ಹೋದ ಶರತ್ಕಾಲದ ವೈನ್ ಇನ್ನೂ ಪೀಪಾಯಿಯಲ್ಲೇ ಇರುತ್ತದೆ. ವಿಮರ್ಶಕರು ಬೆಳಗ್ಗೆಯಿಂದ ಗುಟುಕು ಗುಟುಕಾಗಿ ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಪೀಕದಾನಿಗೆ ಉಗಿಯುತ್ತಾರೆ. ಹಲ್ಲು ಕಪ್ಪಾಗಿರುತ್ತದೆ. ಉಗಿದಾದ ಮೇಲೆ ನೂರಕ್ಕೆ ತೊಂಬತ್ತೇಳು ಅಂತ ಅಂಕ ಹಾಕುತ್ತಾರೆ. ಅಂಕ ನೋಡಿ ಜನ ಈಗಲೇ ದುಡ್ಡು ಕಟ್ಟುತ್ತಾರೆ. ಬಾಟಲಿ ಕೈಗೆ ಬರುವುದು ಸುಮಾರು ಎರಡು ವರ್ಷ ಬಿಟ್ಟು. ಅಂಕದ ಪಕ್ಕದಲ್ಲಿ ಸಲಹೆಯೂ ಇರುತ್ತದೆ: 2040ರಿಂದ 2065ರ ಒಳಗೆ, ಕುರಿಮರಿ ಮಾಂಸದ ಜೊತೆ ಕುಡಿಯಿರಿ. ಆ ಮರಿಯ ಅಜ್ಜಿಯೂ ಇನ್ನೂ ಹುಟ್ಟಿಲ್ಲ.