ಸೈಕಲ್ ಏರಿದರೆ ಬೀದರ್‌ನ ನೀರು ಕಾಣುತ್ತದೆ

ಹೋಳಿ ಹುಣ್ಣಿಮೆ ಮುಗಿದು ಯುಗಾದಿ ಬರುವವರೆಗೆ ಎರಡು ವಾರ ಸಿಗುತ್ತದಲ್ಲ, ಬೀದರ್‌ನಲ್ಲಿ ಸೈಕಲ್ ತುಳಿಯಲು ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಬಿಸಿಲು ಇನ್ನೂ ನೆತ್ತಿ ಸುಡುವಷ್ಟು ಆಗಿರುವುದಿಲ್ಲ. ಊರು ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದಲ್ಲಿರುವುದರಿಂದ ಬೆಳಗಿನ ಗಾಳಿಯಲ್ಲಿ ತಂಪು ಉಳಿದಿರುತ್ತದೆ. ಬೇವು ಹಳೆ ಎಲೆ ಉದುರಿಸಿ ಚಿಗುರು ಬಿಟ್ಟಿರುತ್ತದೆ. ಊರ ಹೊರಗೆ ಅಲ್ಲಲ್ಲಿ ಮುತ್ತುಗದ ಹೂ. ಹೂವಿನ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಇವತ್ತು ನಮ್ಮೂರ ನೀರಿನ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ.

ಗಾಡಿ ಮೇಲೆ ಓಡಾಡುವವರಿಗೆ ರಸ್ತೆಯ ಏರು ಇಳಿಜಾರು ಗೊತ್ತೇ ಆಗುವುದಿಲ್ಲ. ಸೈಕಲ್ ತುಳಿದರೆ ಮೊಣಕಾಲಿಗೆ ಗೊತ್ತಾಗುತ್ತದೆ. ಕೋಟೆಯಿಂದ ಹೊರಟು ಮದರಸಾ ದಾಟಿ ಊರ ನಡುವಿನ ಕಾವಲು ಗೋಪುರ ಚೌಬಾರಕ್ಕೆ ಬನ್ನಿ, ಅಂಥಾ ಏರಿಲ್ಲ, ಆರಾಮಾಗಿ ಬರಬಹುದು. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಊರು ಮುಗಿಯುವ ಹೊತ್ತಿಗೆ ಒಂದು ಕಡೆ ರಸ್ತೆ ಕೆಳಗೆ ಜಾರುತ್ತದೆ. ಆ ಇಳುಕಲಿನ ಆಸುಪಾಸು ಎಲ್ಲೋ ಒಂದು ಕಡೆ ನೀರು ಇದ್ದೇ ಇರುತ್ತದೆ. ಝರಣಿ, ಕುಂಡ, ಹಳೆ ಬಾವಿ, ಹೀಗೆ ಏನಾದರೂ.

ಮದರಸಾ ಮುಂದೆ ಒಂದೈದು ನಿಮಿಷ ಸೈಕಲ್ ನಿಲ್ಲಿಸಲೇಬೇಕು. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನ್ ಇದನ್ನು ಕಟ್ಟಿಸಿದ್ದು 1472ರಲ್ಲಿ. ಅದರ ಮುಖ ಪೂರ್ವಕ್ಕಿದೆ. ಹೀಗಾಗಿ ಬೆಳಗಿನ ಎಳೆಬಿಸಿಲು ನೇರ ಮಿನಾರಿನ ಮೇಲೆ ಬೀಳುತ್ತದೆ. ಹಸಿರು, ನೀಲಿ ಹೆಂಚು ಸುಮಾರು ಉದುರಿಹೋಗಿದೆ. ಆದರೂ ಅಂಕುಡೊಂಕು ಪಟ್ಟಿಯಾಗಿ ಜೋಡಿಸಿದ್ದು ಅಲ್ಲಲ್ಲಿ ಉಳಿದಿದೆ, ಬಿಸಿಲು ತಾಗಿದಾಗ ಎಷ್ಟು ಚಂದ ಹೊಳೆಯುತ್ತದೆ ಅಂದರೆ ದಾರಿ ಮೇಲೆ ಹೋಗುವವರು ಹೇಗೆ ತಲೆ ಎತ್ತದೆ ಹೋಗುತ್ತಾರೋ ಅನಿಸುತ್ತದೆ. 1696ರಲ್ಲಿ ಒಳಗಿದ್ದ ಮದ್ದು ಸಿಡಿದು ಒಂದು ಮಿನಾರು, ಮುಂಭಾಗದ ಅರ್ಧ ಹೋಯಿತು. ಉಳಿದ ಅರ್ಧವೇ ಇಷ್ಟು ಗಟ್ಟಿಯಾಗಿ ನಿಂತಿದೆ.

ಈಗ ನೀರಿನ ಮಾತಿಗೆ ಬರುತ್ತೇನೆ. ನಮ್ಮೂರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ತೂತು ತೂತಾದ ಕೆಂಪು ಕಲ್ಲು. ಅಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕೋಟೆ ಸುತ್ತ ಮೂರು ಸಾಲು ಕಂದಕ ಕೊರೆದಿರುವುದು ಇದೇ ಕಲ್ಲಿನಲ್ಲಿ. ಇದರ ಕೆಳಗೆ ಕರಿಕಲ್ಲಿನ ಪದರ ಇದೆ. ಮಳೆ ಬಿದ್ದರೆ ನೀರು ಕೆಂಪು ಕಲ್ಲಿನೊಳಗೆ ಇಳಿಯುತ್ತದೆ, ಕರಿಕಲ್ಲಿನ ಹತ್ತಿರ ಬಂದು ನಿಲ್ಲುತ್ತದೆ, ಆಮೇಲೆ ಪಕ್ಕಕ್ಕೆ ಸರಿಯುತ್ತಾ ದಿಬ್ಬದ ಅಂಚಿನಲ್ಲಿ ಹೊರಗೆ ಬರುತ್ತದೆ. ಹೊಸ ಮಣ್ಣಿನ ಕೊಡ ಜಿನುಗುತ್ತದಲ್ಲ, ಹಾಗೆ.

ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ. ಮೂರಕ್ಕೂ ಬೇರೆ ಬೇರೆ ಕಥೆ ಇದೆ, ಬೇರೆ ಬೇರೆ ಜನ ನಡೆದುಕೊಳ್ಳುತ್ತಾರೆ. ಗುರುನಾನಕರು ಇಲ್ಲಿಗೆ ಬಂದಾಗ ಜನ ಸಿಹಿನೀರಿಲ್ಲದೆ ಒದ್ದಾಡುತ್ತಿದ್ದರು, ಅವರು ಪಾದದಿಂದ ಕಲ್ಲು ಸರಿಸಿದರು, ನೀರು ಚಿಮ್ಮಿತು ಅಂತ ಗುರುದ್ವಾರದಲ್ಲಿ ಹೇಳುತ್ತಾರೆ. ಪಂಜಾಬಿನಿಂದ ಬಂದವರು ಆ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗುತ್ತಾರೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದೇವರನ್ನು ಕಾಣಬೇಕು. ಪಾಪನಾಶದಲ್ಲಿ ಶಿವ. ಮೂರೂ ಕಡೆ ನೀರು ಬರುವುದು ಈ ಕೆಂಪು ಕಲ್ಲಿನ ದಿಬ್ಬದಿಂದಲೇ. ಇದನ್ನು ಯೋಚಿಸಿದಾಗಲೆಲ್ಲ ನನಗೆ ನಮ್ಮೂರ ಮೇಲೆ ಇನ್ನೂ ಜಾಸ್ತಿ ಪ್ರೀತಿ ಬರುತ್ತದೆ.

ನೌಬಾದ್‌ನ ಸುರಂಗ ಬಾವಿ ನೋಡಿದ್ದೀರಾ? ಕರೇಜ್ ಅಂತಾರಲ್ಲ, ಅದು. ಬಹಮನಿ ಅರಸರ ಕಾಲಕ್ಕೆ ಇರಾನಿನಿಂದ ಬಂದ ವಿದ್ಯೆ. ಮೇಲುಗಡೆ ಒಂದು ತಾಯಿಬಾವಿ. ಅಲ್ಲಿಂದ ನೆಲದೊಳಗೆ ಸ್ವಲ್ಪ ಸ್ವಲ್ಪವೇ ಇಳಿಜಾರಾಗುತ್ತಾ ಹೋಗುವ ಸುರಂಗ. ಮೋಟಾರು ಬೇಕಿಲ್ಲ, ಕರೆಂಟು ಬೇಕಿಲ್ಲ, ನೀರು ತಾನೇ ನಡೆದು ಬರುತ್ತದೆ. ದಾರಿಯುದ್ದಕ್ಕೂ ಮೇಲಿಂದ ಗುಂಡಿ ಇಳಿಸಿದ್ದಾರೆ. ಮಣ್ಣು ಎತ್ತಲು, ಗಾಳಿ ಬರಲು, ನೀರು ಸೇದಲು. ಸೈಕಲ್ ಮೇಲೆ ನಿಧಾನ ಹೋದರೆ ಒಂದಾದ ಮೇಲೊಂದು ಈ ಗುಂಡಿಗಳು ಸಾಲಾಗಿ ಕಾಣುತ್ತವೆ, ನೆಲದ ಕೆಳಗಿನ ದಾರಿ ಯಾವ ಕಡೆ ಹೋಗಿದೆ ಅಂತ ಮೇಲಿಂದಲೇ ಗೊತ್ತಾಗುತ್ತದೆ. ಈ ಸಲ ಒಂದು ಗುಂಡಿಯ ಹತ್ತಿರ ನಿಂತು ಬಗ್ಗಿ ನೋಡುತ್ತಿದ್ದೆ. ಆಡು ಕಾಯುತ್ತಿದ್ದ ಒಬ್ಬ ಕಾಕಾ ಕೂಗಿದರು, "ತಮ್ಮಾ, ಭಾಳ ಬಗ್ಗಬ್ಯಾಡ, ಕೆಳಗ ಆಳ ಅದ." ಪಕ್ಕಕ್ಕೆ ಬಂದು ತಾವೂ ಬಗ್ಗಿದರು. "ನಮ್ಮ ಮುತ್ಯಾ ಹೇಳ್ತಿದ್ದ, ರಾತ್ರಿ ಇಲ್ಲಿ ಕುಂತ್ರ ನೀರಿನ ಸಪ್ಪಳ ಕೇಳ್ತಿತ್ತಂತ." ನಾವು ನೋಡಿದಾಗ ಒಳಗೆ ಕಂಡದ್ದು ಮದುವೆ ಊಟದ ಥರ್ಮಾಕೋಲ್ ತಟ್ಟೆಗಳು, ಹರಿದ ಸಿಮೆಂಟ್ ಚೀಲ.

ನನಗೆ ಸಿಟ್ಟು ಬರುವುದು ಇಲ್ಲೇ. ಕೆಲ ವರ್ಷಗಳ ಹಿಂದೆ ಈ ಕರೇಜಿನ ಹೂಳೆತ್ತಿಸಿದರು, ಒಳ್ಳೆ ಕೆಲಸ, ದೂರದೂರಿನವರು ಬಂದು ನೋಡಿದರು. ಆದರೆ ಹೂಳೆತ್ತುವುದು ಅರ್ಧ ಕೆಲಸ ಅಷ್ಟೇ. ಮೇಲಿನ ನೆಲಕ್ಕೆ ಮಳೆ ಇಳಿಯದಿದ್ದರೆ ಕೆಳಗಿನ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು? ದಿಬ್ಬದ ಮೇಲೆ ದಿನಾ ಹೊಸ ಲೇಔಟ್ ಏಳುತ್ತಿದೆ. ಪ್ಲಾಟಿಗೆ ಪ್ಲಾಟು ಕಾಂಕ್ರೀಟ್. ಅಂಗಳಕ್ಕೂ ಟೈಲ್ಸ್. ಜೊತೆಗೆ ಮನೆಗೊಂದು ಬೋರ್‌ವೆಲ್. ಬೀದರ್ ಬೆಳೆಯಬಾರದು ಅಂತ ನಾನು ಹೇಳುತ್ತಿಲ್ಲ, ನಮ್ಮ ಮಕ್ಕಳಿಗೂ ಮನೆ ಬೇಕಲ್ವಾ? ಸುರಂಗ ಹೋಗುವ ದಾರಿ ಮೇಲೆ ಒಂದು ಪಟ್ಟಿ ಖಾಲಿ ಬಿಡಿ. ಗುಂಡಿಗಳಿಗೆ ಕಟ್ಟೆ ಕಟ್ಟಿ, ಜಾಳಿಗೆ ಹಾಕಿ. ಲೇಔಟಿಗೆ ಅಂತ ಬಿಟ್ಟ ಪಾರ್ಕಿನಲ್ಲಾದರೂ ಮಣ್ಣು ಮಣ್ಣಾಗಿಯೇ ಇರಲಿ. ಇಷ್ಟು ಮಾಡಲು ಕೋಟಿಗಟ್ಟಲೆ ದುಡ್ಡೇನೂ ಬೇಕಾಗಿಲ್ಲ.

ಪೂರ್ವಕ್ಕೆ ಅಷ್ಟೂರಿನ ಕಡೆ ಹೋದರೆ ಇಳಿಜಾರಿನ ಖುಷಿಯೇ ಬೇರೆ. ಪೆಡಲ್ ಬಿಟ್ಟು ಸುಮ್ನೆ ಕೂತರೆ ಸಾಕು. ಇಳಿಯುತ್ತಾ ಇಳಿಯುತ್ತಾ ರಸ್ತೆ ಬದಿಯ ಕೆಂಪು ಮಣ್ಣು ಹೋಗಿ ಎರೆ ಹೊಲ ಶುರುವಾಗುತ್ತದೆ. ಬಿಳಿಜೋಳದ ರಾಶಿ ಮುಗಿದು ಹೊಲದಲ್ಲಿ ಕೂಳೆ ಉಳಿದಿರುತ್ತದೆ. ಬಹಮನಿ ಸುಲ್ತಾನರ ಗುಮ್ಮಟಗಳು ದೂರದಿಂದಲೇ ಕಾಣುತ್ತವೆ. ಹುಮಾಯೂನನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಬಿದ್ದಿದೆ, ಹೊಟ್ಟೆ ಸೀಳಿಟ್ಟು ನಿಂತಿದೆ. ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದ ಅಹ್ಮದ್ ಶಾ ವಲಿಯ ಸಮಾಧಿಯೂ ಇಲ್ಲೇ. ಅವರನ್ನು ಅಲ್ಲಮಪ್ರಭು ಅಂತ ನಂಬಿ ಲಿಂಗಾಯತರೂ ನಡೆದುಕೊಳ್ಳುತ್ತಾರೆ. ಉರುಸು ನಡೆಯುವುದು ಹೋಳಿ ಆದ ಮೇಲೆ, ನಮ್ಮ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದುಕೊಂಡು ಬರುತ್ತಾರೆ, ಕಾಯಿ ಒಡೆಯುತ್ತಾರೆ. ಆ ಜಾತ್ರೆಗೆ ಸೈಕಲ್ ಮೇಲೆ ಹೋಗಿ ನೋಡಿ. ಕಾರು ನಿಲ್ಲಿಸಲು ಜಾಗ ಹುಡುಕುವ ರಗಳೆ ಇಲ್ಲ, ಗದ್ದಲದ ನಡುವೆಯೇ ತಳ್ಳಿಕೊಂಡು ಹೋಗಬಹುದು.

ನಮ್ಮ ಶಾಲೆಗಳಿಗೆ ಒಂದು ಮಾತು. ಹೈಸ್ಕೂಲ್ ಮಕ್ಕಳನ್ನು ಬಸ್ಸು ಮಾಡಿಕೊಂಡು ದೂರದೂರಿಗೆ ಟ್ರಿಪ್ ಕರೆದುಕೊಂಡು ಹೋಗುತ್ತೀರಿ, ಹೋಗಿ. ಅದಕ್ಕೂ ಮೊದಲು ಒಂದು ಭಾನುವಾರ ಅವರವರ ಸೈಕಲ್ ತರಲು ಹೇಳಿ, ನೌಬಾದ್‌ನ ಗುಂಡಿಗಳಿಂದ ನಾನಕ್ ಝೀರಾವರೆಗೆ ಕರೆದುಕೊಂಡು ಹೋಗಿ. ಮಳೆ ಎಲ್ಲಿ ಇಳಿಯುತ್ತದೆ, ಎಲ್ಲಿ ಹೊರಗೆ ಬರುತ್ತದೆ ಅಂತ ಒಂದೇ ಬೆಳಿಗ್ಗೆ ಕಣ್ಣಾರೆ ನೋಡುತ್ತಾರೆ. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ, ಸರ್ಕಾರ ಕೊಟ್ಟಿದ್ದ ಸೈಕಲ್ ಎಷ್ಟೋ ಮನೆಗಳಲ್ಲಿ ಗೋಡೆಗೆ ಒರಗಿ ಕೂತಿದೆ.

ಹೋಗುವವರಿಗೆ: ಆರು ಗಂಟೆಗೇ ಹೊರಡಿ. ಅಷ್ಟೂರು ಮೊದಲು ಮುಗಿಸಿ, ವಾಪಸ್ ಬರುವ ಏರು ಬಿಸಿಲಿಗಿಂತ ಮುಂಚೆ ಹತ್ತಿಬಿಡಬೇಕು. ಜಾಲಿ ಮುಳ್ಳು ಜಾಸ್ತಿ ಇರುತ್ತದೆ, ಕಾಲುದಾರಿಗೆ ಇಳಿಯಬೇಡಿ. ಊರೊಳಗೆ ಬಂದ ಮೇಲೆ ಮಂಡಕ್ಕಿಯ ಸುಸಲಾ, ಮಿರ್ಚಿ, ಚಹಾ. ನೌಬಾದ್ ಕಡೆ ಹೋದಾಗ ಯಾವ ಗುಂಡಿ ಮುಚ್ಚಿದೆ, ಯಾವುದರಲ್ಲಿ ಕಸ ತುಂಬಿದೆ ಅಂತ ಫೋಟೋ ತೆಗೆದು ಇಲ್ಲಿ ಕಾಮೆಂಟಿನಲ್ಲಿ ಹಾಕಿ. ಎಲ್ಲ ಸೇರಿಸಿ ಮಳೆಗಾಲಕ್ಕೆ ಮುಂಚೆ ನಗರಾಡಳಿತಕ್ಕೆ ಒಂದು ಅರ್ಜಿ ಕೊಡೋಣ. ಬರೆಯುವ ಕೆಲಸ ನನ್ನದು.