ಡ್ಯಾಂಡೆಲಿಯನ್ ಬೇರು 48 ಗಂಟೆಯಲ್ಲಿ ಕ್ಯಾನ್ಸರ್ ವಾಸಿಮಾಡುತ್ತದೆಯೇ?

ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಗಿಡದ ಬೇರಿನ ಕಷಾಯ ಕುಡಿದರೆ 48 ಗಂಟೆಯಲ್ಲಿ ಕ್ಯಾನ್ಸರ್ ಕೋಶಗಳು ಸಾಯುತ್ತವೆ, ಕೀಮೋಥೆರಪಿಯೇ ಬೇಡ ಎನ್ನುವ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಇದು ಸುಳ್ಳು.

ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಈ ಬೇರಿನ ಸಾರ ಕೆಲವು ಬಗೆಯ ಕ್ಯಾನ್ಸರ್ ಕೋಶಗಳನ್ನು ಕೊಂದದ್ದು ನಿಜ. ಆದರೆ ಪ್ರಯೋಗದ ತಟ್ಟೆಯಲ್ಲಿ ಸಾರ ಕೋಶಕ್ಕೆ ನೇರವಾಗಿ ತಾಗುತ್ತದೆ. ಕುಡಿದದ್ದು ಹಾಗಲ್ಲ, ಹೊಟ್ಟೆ, ಕರುಳು, ಯಕೃತ್ತು ದಾಟಿ, ರಕ್ತದಲ್ಲಿ ಬೆರೆತು ಗಡ್ಡೆಯನ್ನು ತಲುಪಬೇಕು. ಮನುಷ್ಯರಲ್ಲಿ ಇದರಿಂದ ಕ್ಯಾನ್ಸರ್ ಗುಣವಾಗುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ.

ಗಿಡವೇನೋ ಸೊಗಸಾದದ್ದು. ಸೇವಂತಿಗೆ ಕುಟುಂಬದ್ದು, ಒಂದೇ ಹೂವಿನಂತೆ ಕಾಣುವ ಹಳದಿ ತಲೆಯಲ್ಲಿ ಹತ್ತಾರು ಪುಟ್ಟ ಹೂಗಳು ಒತ್ತಾಗಿ ಕೂತಿರುತ್ತವೆ, ದಂಟು ಮುರಿದರೆ ಬಿಳಿ ಹಾಲು ಒಸರುತ್ತದೆ. ನನಗೆ ಭಯವಿರುವುದು ಸಂದೇಶ ನಂಬಿ ಚಿಕಿತ್ಸೆ ನಿಲ್ಲಿಸುವವರ ಬಗ್ಗೆ. ಕಷಾಯ ಕುಡಿಯಲೇಬೇಕೆನಿಸಿದರೆ ಮೊದಲು ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಂತೂ ಖಂಡಿತ ಕೇಳಬೇಕು.